ಹಳೆಯ ಜೀಪನ್ನು ಮತ್ತೆ ರಸ್ತೆಗೆ ತರಬೇಕು. ಎಂಜಿನ್ನಿಂದ ಶುರು ಮಾಡಲಾ, ಬಾಡಿಯಿಂದಲಾ?

ನೀವು ಬರೆದದ್ದು ಇಷ್ಟು: ಅಪ್ಪ ಓಡಿಸುತ್ತಿದ್ದ ಪೆಟ್ರೋಲ್ ಜೀಪು ಹನ್ನೆರಡು ವರ್ಷದಿಂದ ಶೆಡ್ಡಿನಲ್ಲಿ ನಿಂತಿದೆ. ಎಂಜಿನ್ ತಿರುಗುತ್ತದೋ ಇಲ್ಲವೋ ಗೊತ್ತಿಲ್ಲ. ಬಾಡಿಯ ತಗಡಿಗೆ ಅಲ್ಲಲ್ಲಿ ತುಕ್ಕು ಹಿಡಿದಿದೆ. ಒಬ್ಬರು ಎಂಜಿನ್ ಇಳಿಸು ಅಂತಾರೆ, ಇನ್ನೊಬ್ಬರು ಪೂರ್ತಿ ಬಿಚ್ಚಿ ಹಾಕು ಅಂತಾರೆ.

ಸದ್ಯಕ್ಕೆ ಎರಡೂ ಬೇಡ. ಒಂದು ಗೋಣಿಚೀಲ ಹಾಸಿಕೊಂಡು ಗಾಡಿಯ ಅಡಿಗೆ ಹೋಗಿ. ಮೊದಲು ಚಾಸಿ, ಅಂದರೆ ಇಡೀ ಗಾಡಿಯನ್ನು ಹೊರುವ ಅಡಿಯ ಉಕ್ಕಿನ ಚೌಕಟ್ಟು, ನೋಡಿ.

ನಾನು ಇದನ್ನು ಉಲ್ಟಾ ಮಾಡಿ ನೋಡಿದ್ದೇನೆ. ನನ್ನದು ವಿಲ್ಲಿಸ್ ಸಿಜೆ 3ಬಿ, ಎತ್ತರದ ಬಾನೆಟ್ಟಿನದು. ಹಳೆಯ ಎಂಜಿನ್‌ಗಿಂತ ಎತ್ತರವಾದ ಹರಿಕೇನ್ ಎಂಜಿನ್ ಒಳಗೆ ಕೂರಲಿ ಅಂತಲೇ ಆ ಬಾನೆಟ್ಟನ್ನು ಹಾಗೆ ಮೇಲೆತ್ತಿದ್ದರು. ಆ ಮುಖ ನನಗೆ ತುಂಬ ಇಷ್ಟ. ಅದಕ್ಕೇ ಮುಖದಿಂದಲೇ ಶುರು ಮಾಡಿದೆ. ತಗಡು ಬಡಿದು, ಪುಟ್ಟಿ ಹಚ್ಚಿ, ಬಣ್ಣ ಹೊಡೆಸಿದೆ. ಆಮೇಲೆ ಹಿಂದಿನ ಪ್ಲೇಟ್ ಸ್ಪ್ರಿಂಗಿನ ಬುಶ್ ಬದಲಿಸಲು ಅಡಿಗೆ ಹೋದಾಗ, ಸ್ಪ್ರಿಂಗ್ ಹಿಡಿದುಕೊಳ್ಳುವ ಹ್ಯಾಂಗರಿನ ಹತ್ತಿರ ಚಾಸಿ ಹಪ್ಪಳದ ಹಾಗೆ ಪುಡಿಯಾಗಿ ಕೈಗೆ ಬಂತು. ಅಲ್ಲಿ ವೆಲ್ಡಿಂಗ್ ಮಾಡದೆ ಬೇರೆ ದಾರಿ ಇರಲಿಲ್ಲ. ಆ ಬಿಸಿಗೆ ಮೇಲಿನ ಹೊಸ ಬಣ್ಣ ಗುಳ್ಳೆ ಎದ್ದು ಸುಟ್ಟುಹೋಯಿತು. ಬಾಡಿ ಎತ್ತಿ ಎಲ್ಲವನ್ನೂ ಎರಡನೇ ಸಲ ಮಾಡಿದೆ. ನಿಮಗೆ ಹಾಗಾಗಬಾರದು.

ಇಂಥ ಗಾಡಿಗಳಲ್ಲಿ ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್, ಸ್ಟೀರಿಂಗ್, ಬಾಡಿ ಎಲ್ಲವೂ ನೇತಾಡುವುದು ಏಣಿಯಂಥ ಒಂದೇ ಚೌಕಟ್ಟಿಗೆ. ಅದು ಸರಿ ಇದ್ದರೆ ಉಳಿದದ್ದನ್ನು ನಿಧಾನವಾಗಿ ಒಂದೊಂದೇ ಮಾಡಿಕೊಳ್ಳಬಹುದು. ಅದು ಹೋಗಿದ್ದರೆ ನಿಮ್ಮ ಕೆಲಸದ ಅಳತೆಯೇ ಬೇರೆ. ಅದಕ್ಕೇ ಹಣ ಖರ್ಚು ಮಾಡುವ ಮೊದಲು ಇದನ್ನು ತಿಳಿದುಕೊಳ್ಳಿ.

ಬರೀ ಕಣ್ಣಿನಿಂದ ನೋಡಿದರೆ ಸಾಲದು. ಚಾಸಿಯ ಪೆಟ್ಟಿಗೆಯಂಥ ಭಾಗಗಳು ಒಳಗಿನಿಂದ ಕೊಳೆಯುತ್ತವೆ. ಹೊರಗೆ ಕಪ್ಪು ಬಣ್ಣ ಚೆನ್ನಾಗಿಯೇ ಇರುತ್ತದೆ. ಮಣ್ಣು, ಗ್ರೀಸು, ಹಳೆಯ ಟಾರು ಕೆರೆದು ತೆಗೆಯಿರಿ. ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಉಕ್ಕು ಠಣ್ ಅನ್ನುತ್ತದೆ. ಕೊಳೆತ ಜಾಗ ದಪ್ ಅನ್ನುತ್ತದೆ. ಎರಡು ಸಲ ಕೇಳಿದರೆ ಕಿವಿಗೆ ತಾನೇ ಗೊತ್ತಾಗುತ್ತದೆ. ಅನುಮಾನ ಬಂದಲ್ಲಿ ಸ್ಕ್ರೂಡ್ರೈವರ್ ಒತ್ತಿ ನೋಡಿ. ಸ್ಪ್ರಿಂಗ್ ಹ್ಯಾಂಗರ್, ಹಿಂದಿನ ಅಡ್ಡಪಟ್ಟಿ, ಬಾಡಿ ಕೂರುವ ಬ್ರಾಕೆಟ್, ಬ್ಯಾಟರಿಯ ಕೆಳಗಿನ ಜಾಗ, ಒಟ್ಟಿನಲ್ಲಿ ಮಣ್ಣು ಕೂತು ತೇವ ನಿಲ್ಲುವ ಕಡೆಯೆಲ್ಲಾ ಬಿಡಬೇಡಿ. ಸ್ಟೀರಿಂಗ್ ಬಾಕ್ಸ್ ಬೋಲ್ಟ್ ಆಗಿರುವ ಜಾಗವನ್ನು ಟಾರ್ಚ್ ಹಿಡಿದು ಹತ್ತಿರದಿಂದ ನೋಡಿ, ಅಲ್ಲಿ ಕೂದಲೆಳೆಯಂಥ ಬಿರುಕು ಇರಬಹುದು. ಆಮೇಲೆ ಸಮನಾದ ನೆಲದಲ್ಲಿ ನಿಲ್ಲಿಸಿ, ಚಾಸಿಯ ನಾಲ್ಕು ಬಿಂದುಗಳಿಂದ ತೂಗುಗುಂಡು ಇಳಿಬಿಟ್ಟು ನೆಲಕ್ಕೆ ಗುರುತು ಹಾಕಿ. ಮೂಲೆಯಿಂದ ಮೂಲೆಗೆ ಅಳೆಯಿರಿ. ಎರಡೂ ಅಳತೆ ಹೊಂದದಿದ್ದರೆ ಗಾಡಿ ಯಾವಾಗಲೋ ಏಟು ತಿಂದಿದೆ.

ಅಡಿಗೆ ಹೋಗುವ ಮೊದಲು ಒಂದು ಮಾತು. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ದಯವಿಟ್ಟು ಹೋಗಬೇಡಿ. ಸ್ಟ್ಯಾಂಡ್ ಕೊಡಿ, ಚಕ್ರಕ್ಕೆ ಅಡ್ಡ ಇಡಿ.

ಲ್ಯಾಂಡ್ ರೋವರ್ ಇಟ್ಟುಕೊಂಡವರೂ ಇದನ್ನು ಓದಬಹುದು, ಅವರಿಗೂ ಒಂದು ಮಾತು. 1948ರಿಂದ ಬಂದ ಆ ಹಳೆಯ ಸೀರೀಸ್ ಗಾಡಿಗಳ ಬಾಡಿ ಹೆಚ್ಚಾಗಿ ಅಲ್ಯೂಮಿನಿಯಂ. ಅದಕ್ಕೆ ತುಕ್ಕಿನ ಭಯ ಇಲ್ಲ ಅಂತ ಸುಮ್ನೆ ಇರಬೇಡಿ. ಚಾಸಿ ಉಕ್ಕಿನದೇ, ಡ್ಯಾಶ್‌ಬೋರ್ಡಿನ ಹಿಂದಿನ ಬಲ್ಕ್‌ಹೆಡ್ಡೂ ಉಕ್ಕಿನದೇ. ಎರಡು ಲೋಹ ಸೇರುವಲ್ಲಿ ನೀರು ನಿಂತರೆ ಅಲ್ಯೂಮಿನಿಯಂ ಕೂಡ ಬಿಳಿ ಪುಡಿಯಾಗಿ ಉದುರುತ್ತದೆ.

ಚಾಸಿ ಗಟ್ಟಿ ಇದೆ ಅಂತ ಆಯಿತು ಅಂದುಕೊಳ್ಳಿ. ಆಗಲೂ ಎಂಜಿನ್ ಬಿಚ್ಚಬೇಡಿ, ಅದನ್ನು ಎಬ್ಬಿಸಿ ನೋಡಿ. ಆದರೆ ಹೊಸ ಬ್ಯಾಟರಿ ಹಾಕಿ ಕೀ ತಿರುಗಿಸುವ ಆಸೆಯನ್ನು ತಡೆದುಕೊಳ್ಳಿ. ಹನ್ನೆರಡು ವರ್ಷದಲ್ಲಿ ಪಿಸ್ಟನ್ ರಿಂಗುಗಳು ಸಿಲಿಂಡರಿನ ಗೋಡೆಗೆ ಕಚ್ಚಿಕೊಂಡಿರಬಹುದು. ಜೋರು ಮಾಡಿದರೆ ಮುರಿಯುತ್ತವೆ. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಪ್ರತಿ ಸಿಲಿಂಡರಿಗೂ ಸ್ವಲ್ಪ ತೆಳು ಎಣ್ಣೆ ಬಿಟ್ಟು, ಎರಡು ಮೂರು ದಿನ ಬಿಡಿ. ನಂತರ ಕೈಯಿಂದ ನಿಧಾನವಾಗಿ ತಿರುಗಿಸಿ. ಡಿಪ್‌ಸ್ಟಿಕ್ ತೆಗೆದು ನೋಡಿ. ಎಣ್ಣೆ ಹಾಲು ಬೆರೆಸಿದಂತಿದ್ದರೆ ನೀರು ಒಳಗೆ ಬಂದಿದೆ, ಅಲ್ಲಿಗೇ ನಿಲ್ಲಿಸಿ. ಸರಿ ಇದ್ದರೆ ಎಣ್ಣೆ, ಫಿಲ್ಟರ್ ಬದಲಿಸಿ. ಟ್ಯಾಂಕಿನ ಹಳೆಯ ಪೆಟ್ರೋಲ್ ವಾರ್ನಿಶ್ ಆಗಿರುತ್ತದೆ, ಅದು ಕಾರ್ಬ್ಯುರೇಟರಿಗೆ ಹೋಗಬಾರದು. ಚಿಕ್ಕ ಕ್ಯಾನಿನಿಂದ ಹೊಸ ಪೆಟ್ರೋಲ್ ಕೊಟ್ಟು ಎಂಜಿನ್ ಮಾತ್ರ ಓಡಿಸಿ ನೋಡಿ. ಇಲಿ ಕಡಿದ, ಪುಡಿಯಾದ ವೈರುಗಳನ್ನು ಅದಕ್ಕೂ ಮೊದಲು ಪಕ್ಕಕ್ಕೆ ತೆಗೆಯಿರಿ. ಬೆಂಕಿ ಹತ್ತುವುದು ಅಲ್ಲಿಂದಲೇ.

ಓಡಿದರೆ ಕಂಪ್ರೆಶನ್, ಅಂದರೆ ಪ್ರತಿ ಸಿಲಿಂಡರ್ ಒಳಗಿನ ಗಾಳಿಯನ್ನು ಎಷ್ಟು ಒತ್ತುತ್ತದೆ ಅಂತ, ಅಳೆಯಿಸಿ. ಒಂದು ಸಿಲಿಂಡರಿನಲ್ಲಿ ಕಡಿಮೆ ಬಂದರೆ ಅದಕ್ಕೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ಹೆಚ್ಚಾಗಿ ವಾಲ್ವ್. ಪಕ್ಕಪಕ್ಕದ ಎರಡು ಕಡಿಮೆ ಇದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ. ಎಂಜಿನ್ ಇಳಿಸಬೇಕೋ ಬೇಡವೋ ಅನ್ನುವುದು ಈಗ ಗೊತ್ತಾಗುತ್ತದೆ, ಅಲ್ವಾ? ಮೊದಲೇ ಬಿಚ್ಚಿ ಹರಡಿಕೊಂಡಿದ್ದರೆ ಇದೊಂದೂ ಗೊತ್ತಾಗುತ್ತಿರಲಿಲ್ಲ.

ಎಂಜಿನ್ ಗುಡುಗಿದ ಖುಷಿಯಲ್ಲಿ ಗಾಡಿಯನ್ನು ಹೊರಗೆ ತೆಗೆಯಬೇಡಿ. ಇನ್ನೂ ಬ್ರೇಕ್ ಇದೆ. ಇಂಥ ಹಳೆಯ ಜೀಪುಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಬ್ರೇಕ್ ಆಯಿಲ್ ಲೈನು. ಒಂದು ಕಡೆ ಸೋರಿದರೆ ಪೆಡಲ್ ನೆಲಕ್ಕೆ ಹೋಗುತ್ತದೆ, ಯಾವ ಚಕ್ರಕ್ಕೂ ಬ್ರೇಕ್ ಇರುವುದಿಲ್ಲ. ರಬ್ಬರ್ ಇರುವ ಪ್ರತಿಯೊಂದನ್ನೂ ಹೊಸದು ಹಾಕಿ. ಹಳೆಯ ಹೋಸುಗಳು ಒಳಗೆ ಊದಿಕೊಂಡು, ಒತ್ತಿದಾಗ ಆಯಿಲ್ ಬಿಟ್ಟು, ವಾಪಸ್ ಬರಲು ಬಿಡದೆ ಬ್ರೇಕನ್ನು ಹಿಡಿದಿಡುತ್ತವೆ. ಡ್ರಮ್ಮಿನ ಒಳಗಿನ ಧೂಳನ್ನು ಗಾಳಿ ಹೊಡೆದು ತೆಗೆಯಬೇಡಿ. ಹಳೆಯ ಬ್ರೇಕ್ ಶೂಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತಿತ್ತು, ಅದು ಉಸಿರಿನ ಜೊತೆ ಒಳಗೆ ಹೋದರೆ ಅಪಾಯ. ಒದ್ದೆ ಮಾಡಿ ಒರೆಸಿ.

ಪೂರ್ತಿ ಬಿಚ್ಚುವ ವಿಷಯ. ಚಾಸಿ ಗಟ್ಟಿ ಇದ್ದರೆ ಬೇಡವೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಬಿಚ್ಚಿಟ್ಟು, ಮನಸ್ಸು ಸೋತು, ಕೊನೆಗೆ ಡಬ್ಬಿಗಳಲ್ಲಿ ಮಾರಾಟವಾದ ಜೀಪುಗಳನ್ನು ಜಾಸ್ತಿ ನೋಡಿದ್ದೇನೆ. ಓಡುವ, ನಿಲ್ಲುವ ಗಾಡಿಯಾದರೆ ವಾರಕ್ಕೊಂದು ಸುತ್ತು ಹೋಗಬಹುದು. ಮುಂದಿನ ಕೆಲಸ ಯಾವುದು ಅಂತ ಆ ಸುತ್ತೇ ತೋರಿಸುತ್ತದೆ. ಸ್ಟೀರಿಂಗ್ ಸಡಿಲವೋ, ಮೂರನೇ ಗೇರ್ ಜಿಗಿಯುತ್ತದೋ, ಎಲ್ಲಾ ಗೊತ್ತಾಗುತ್ತದೆ. ಚಾಸಿ ಕೊಳೆತಿದ್ದರೆ ಮಾತ್ರ ಬಾಡಿ ಎತ್ತಲೇಬೇಕು. ಎತ್ತುವ ಮೊದಲು ಬಾಗಿಲಿನ ತೆರವಿಗೆ ಅಡ್ಡವಾಗಿ ಕಬ್ಬಿಣದ ಪಟ್ಟಿ ವೆಲ್ಡ್ ಮಾಡಿಸಿ, ಇಲ್ಲದಿದ್ದರೆ ತಗಡು ಬಾಗುತ್ತದೆ. ಬಾಡಿಯ ಕೆಳಗೆ ಮಟ್ಟ ಸರಿಮಾಡಲು ಇಟ್ಟ ತೆಳು ತುಂಡುಗಳು, ಅಂದರೆ ಶಿಮ್ಮುಗಳು, ಯಾವ ಜಾಗದ್ದು ಅಂತ ಬರೆದಿಡಿ. ಪ್ರತಿ ಬೋಲ್ಟಿಗೂ ಚೀಟಿ ಅಂಟಿಸಿದ ಚೀಲ, ಪ್ರತಿ ಹಂತಕ್ಕೂ ಫೋಟೋ.

ಬಣ್ಣಕ್ಕೆ ಅವಸರವೇ ಇಲ್ಲ. ಅಪ್ಪನ ಕೈ ತಾಗಿ ನುಣುಪಾದ ಗೇರ್ ಗುಂಡಿಯನ್ನಂತೂ ಬದಲಿಸಬೇಡಿ, ಅಂಥದ್ದು ಮತ್ತೆ ಸಿಗುವುದಿಲ್ಲ.

ಸುತ್ತಿಗೆ ತಟ್ಟಿ ನೋಡಿದ ಮೇಲೆ ಎಲ್ಲೆಲ್ಲಿ ದಪ್ ಅಂತು ಅಲ್ಲಿ ಸೀಮೆಸುಣ್ಣದಿಂದ ಗುರುತು ಮಾಡಿ, ಫೋಟೋ ತೆಗೆದು ನನಗೆ ಕಳಿಸಿ. ಹ್ಯಾಂಗರಿನ ಹತ್ತಿರದ್ದು ಸ್ವಲ್ಪ ದೊಡ್ಡದಾಗಿ ಕಾಣುವ ಹಾಗೆ ತೆಗೆಯಿರಿ. ಬರೀ ತೇಪೆ ಸಾಕೋ, ಬಾಡಿ ಎತ್ತಬೇಕೋ ಅಂತ ನೋಡಿ ಹೇಳುತ್ತೇನೆ.