ಅಂತರರಾಷ್ಟ್ರೀಯ ಸಂಬಂಧಗಳಲ್ಲಿ ಎಂಎ ಮಾಡಿದರೆ ಹೊರದೇಶದ ಕೆಲಸ ಸಿಗುತ್ತಾ?

ಪುಣೆಯಲ್ಲಿ ಬಿಎ ಕೊನೆಯ ವರ್ಷದಲ್ಲಿದ್ದೇನೆ, ಈ ಎಂಎ ಮಾಡಿದರೆ ರಾಯಭಾರ ಕಚೇರಿಯಲ್ಲೋ ವಿಶ್ವಸಂಸ್ಥೆಯಲ್ಲೋ ಕೆಲಸ ಸಿಗುತ್ತಾ ಅಂತ ಕೇಳಿದ್ದೀರಿ. ನಾನೂ ಪುಣೆಯಲ್ಲೇ ಅದನ್ನು ಓದಿದವಳು. ಈಗ ಇರೋದು ನವಿ ಮುಂಬೈಯ ಒಂದು ಹಣ್ಣು ರಫ್ತು ಕಂಪನಿಯಲ್ಲಿ!

ವಿದೇಶಾಂಗ ಸೇವೆಗೆ ಈ ಎಂಎ ಬೇಕೇ ಇಲ್ಲ. ಯುಪಿಎಸ್‌ಸಿ ಬರೆಯೋಕೆ ಯಾವ ಪದವಿಯಾದರೂ ಸಾಕು. ವಿಶ್ವಸಂಸ್ಥೆಗೆ ಯುವ ಅಧಿಕಾರಿಗಳನ್ನು ಆರಿಸುವ ಯಂಗ್ ಪ್ರೊಫೆಷನಲ್ಸ್ ಪರೀಕ್ಷೆಯನ್ನು ಆಯಾ ವರ್ಷದ ಪಟ್ಟಿಯಲ್ಲಿರುವ ದೇಶದವರೇ ಬರೆಯಬೇಕು. ಅಲ್ಲಿನ ಸಚಿವಾಲಯದ ಇಂಟರ್ನ್‌ಶಿಪ್‌ಗೆ ಸಂಬಳ ಇಲ್ಲ. ನಮ್ಮಪ್ಪನಿಗೆ ಡೊಂಬಿವಲಿಯಲ್ಲಿ ಸಣ್ಣ ಹೋಟೆಲ್. ವಿಶ್ವಸಂಸ್ಥೆಯ ಕಚೇರಿ ಇರುವ ಜಿನೀವಾದ ಮನೆ ಬಾಡಿಗೆ ಲೆಕ್ಕ ಹಾಕಿ ಸುಮ್ಮನಾದೆ.

ಹಾಗಾದರೆ ಓದಿ ಏನು ಬಂತು? ಮೆಮೊ, ಅಂದರೆ ಚಿಕ್ಕ ಟಿಪ್ಪಣಿ ಬರೆಯೋದು. ನಲವತ್ತು ಪುಟದ ಒಪ್ಪಂದ ಕೊಟ್ಟು, ಒಂದೇ ಪುಟದಲ್ಲಿ ಬರೆದು ತನ್ನಿ ಅನ್ನೋರು ನಮ್ಮ ಮೇಡಂ. ಏನಾಗಿದೆ, ಏನು ಮಾಡಬೇಕು, ಯಾರು ಅಡ್ಡ ಬರ್ತಾರೆ, ಇಷ್ಟೇ. ನನ್ನ ಮೊದಲ ಮೆಮೊ 'ಪ್ರಾಚೀನ ಕಾಲದಿಂದಲೂ' ಅಂತ ಶುರುವಾಗಿತ್ತು. ಅರ್ಧ ಪುಟಕ್ಕೆ ಕೆಂಪು ಗೀಟು ಬಿತ್ತು. "ಮಂತ್ರಿ ಚಹಾ ಕುಡಿದು ಮುಗಿಸೋದರೊಳಗೆ ಓದಿ ಆಗಬೇಕು" ಅಂದರು.

2023ರ ನವೆಂಬರಿನಿಂದ ಯೆಮೆನ್‌ನ ಸಶಸ್ತ್ರ ಗುಂಪು ಹೌಥಿಗಳು ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರು ಮಾಡಿದರಲ್ಲ, ಆಗ ಈ ಮೆಮೊ ಅಭ್ಯಾಸ ಕೈಹಿಡಿಯಿತು. ಜನವರಿ ಅಂದರೆ ನಾಸಿಕ್ ದ್ರಾಕ್ಷಿಯ ಸೀಸನ್. ನವಿ ಮುಂಬೈಯ ನ್ಹಾವಾ ಶೇವಾ ಬಂದರಿನಿಂದ ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್‌ಗೆ ಹೋಗುವ ಹಡಗುಗಳು ಕೆಂಪು ಸಮುದ್ರ, ಸೂಯೆಜ್ ಕಾಲುವೆಯ ದಾರಿ ಬಿಟ್ಟು ಆಫ್ರಿಕಾ ಸುತ್ತಿಕೊಂಡು ಹೊರಟವು. ಸುಮಾರು ಎರಡು ವಾರ ಜಾಸ್ತಿ. ತಂಪಾಗಿಡುವ ರೀಫರ್ ಕಂಟೇನರ್ ಇದ್ದರೂ ದ್ರಾಕ್ಷಿ ಎಷ್ಟು ದಿನ ತಾಳೀತು? ಕಳಿಸೋದಾ ಬೇಡವಾ ಅಂತ ಬಾಸ್ ಕೇಳಿದರು. ಹೌಥಿಗಳಿಗೆ ಏನು ಬೇಕು, ಅಮೆರಿಕ–ಬ್ರಿಟನ್ ಬಾಂಬ್ ಹಾಕಿದರೆ ದಾಳಿ ನಿಲ್ಲುತ್ತಾ, ವಿಮೆ, ಹಡಗಿನ ಬಾಡಿಗೆ ಎಷ್ಟು ಏರಬಹುದು, ಎಲ್ಲ ಒಂದು ಪುಟದಲ್ಲಿ ಬರೆದುಕೊಟ್ಟೆ. ದಾಳಿ ಬೇಗ ನಿಲ್ಲಲ್ಲ, ಉದ್ದದ ದಾರಿಗೇ ಲೆಕ್ಕ ಹಾಕಿ ಅಂದಿದ್ದೆ. ಅವರು ಅರ್ಧ ಮಾಲು ದುಬೈಗೆ ತಿರುಗಿಸಿದರು.

ಥಿಯರಿ ಪೇಪರುಗಳು? ಪರೀಕ್ಷೆ ಮುಗಿದ ಮೇಲೆ ತೆರೆದಿಲ್ಲ.

ನನ್ನ ದೊಡ್ಡ ತಪ್ಪು ಭಾಷೆಯದು. ಫ್ರೆಂಚ್ ಕಲಿಸುವ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ಆರಂಭದ ಹಂತ ಎ2 ಮುಗಿಸಿ ಬಿಟ್ಟುಬಿಟ್ಟೆ. ಎರಡು ಹಂತ ಮೇಲಿನ ಬಿ2ವರೆಗೆ ಹೋದ ಗೆಳತಿ ಈಗ ಫ್ರೆಂಚ್ ಬಳಸುವ ಆಫ್ರಿಕಾದ ಸೆನೆಗಲ್‌ನಲ್ಲಿದ್ದಾಳೆ. ಅಂಕ ನನಗೇ ಜಾಸ್ತಿ ಬಂದಿತ್ತು, ಹೊಟ್ಟೆಯುರಿ ಇಲ್ಲ ಅಂದರೆ ಸುಳ್ಳಾಗುತ್ತದೆ.

ಫೀಸು ಕಟ್ಟುವ ಮೊದಲು ಕಾಲೇಜಿನಲ್ಲಿ ಎರಡು ವಿಷಯ ಕೇಳಿ: ಹೋದ ವರ್ಷದವರು ಎಲ್ಲಿ ಇಂಟರ್ನ್‌ಶಿಪ್ ಮಾಡಿದರು, ಅರ್ಥಶಾಸ್ತ್ರ ಮತ್ತು ಅಂಕಿಅಂಶ ಕಡ್ಡಾಯವಾ? ಭಾಷೆಯ ಕ್ಲಾಸಿಗಂತೂ ಈಗಲೇ ಸೇರಿ, ಬಿಎ ಮುಗಿಯಲಿ ಅಂತ ಕಾಯಬೇಡಿ.