‘ದಾಯ್‌ನಿಪ್ಪೋಂಜಿನ್’ ಚಿತ್ರದ ಮಹಾವೀರ ಜನರಿಗೆ ಬೇಡವಾಗುವುದೇಕೆ?

ಊರನ್ನು ರಾಕ್ಷಸರಿಂದ ಕಾಯುವವನನ್ನೇ ಜನ ಏಕೆ ದ್ವೇಷಿಸುತ್ತಾರೆ ಎಂಬ ಪ್ರಶ್ನೆಯಲ್ಲೇ ಈ ಚಿತ್ರದ ತಿರುಳಿದೆ. ಜಪಾನಿನ ‘ಡೌನ್‌ಟೌನ್’ ಹಾಸ್ಯಜೋಡಿಯ ಹಿತೋಶಿ ಮತ್ಸುಮೊತೊ ನಿರ್ದೇಶಿಸಿ, ತಾವೇ ನಾಯಕನಾಗಿ ನಟಿಸಿದ ಈ ಮೊದಲ ಚಿತ್ರ 2007ರಲ್ಲಿ ತೆರೆಕಂಡಿತು.

ಸಾಕ್ಷ್ಯಚಿತ್ರದ ಧಾಟಿಯಲ್ಲಿ ಸಾಗುವ ಕಥೆಯಲ್ಲಿ, ಹೆಂಡತಿಯಿಂದ ದೂರವಾಗಿ ಒಂಟಿಯಾಗಿರುವ ನಾಯಕ ದಾಯ್‌ಸಾತೊ ಕರೆ ಬಂದಾಗಲೆಲ್ಲ ವಿದ್ಯುತ್ ಸ್ಥಾವರಕ್ಕೆ ಹೋಗಿ, ಮೈಗೆ ವಿದ್ಯುತ್ ಹರಿಸಿಕೊಂಡು ದೈತ್ಯನಾಗಿ ಬೆಳೆಯುತ್ತಾನೆ. ತಾತನ ಕಾಲದಲ್ಲಿ ಈ ಕುಲವೃತ್ತಿಗಿದ್ದ ಗೌರವ ಈಗ ಉಳಿದಿಲ್ಲ. ಅವನ ಕಾಳಗಗಳು ಟಿ.ವಿ.ಯಲ್ಲಿ ತಡರಾತ್ರಿ ಪ್ರಸಾರವಾಗುತ್ತವೆ, ಹಣಕ್ಕಾಗಿ ಅವನ ಮೈಮೇಲೆಯೇ ಜಾಹೀರಾತು ಅಂಟಿಸಲಾಗುತ್ತದೆ, ಸಂದರ್ಶನ ನಡೆಯುತ್ತಿರುವಾಗಲೇ ಮನೆಯ ಕಿಟಕಿಗೆ ಕಲ್ಲು ಬಂದು ಬೀಳುತ್ತದೆ. ಅವನು ಗೆದ್ದರೂ ಜನರಿಗೆ ಕಾಣುವುದು ಗದ್ದಲ ಮತ್ತು ನಷ್ಟ ಮಾತ್ರ.

ನನಗೆ ಬಹಳ ಹಿಡಿಸಿದ್ದು ಆರಂಭದ ಒಂದು ಮಾತುಕತೆ. ಕೊಡೆಯನ್ನೂ, ನೀರಿಗೆ ಹಾಕಿದರೆ ಉಬ್ಬುವ ಒಣಗಿಸಿದ ಕಡಲಪಾಚಿಯನ್ನೂ ತಾನು ಇಷ್ಟಪಡುವುದು, ಅವು ಬೇಕಾದಾಗ ಮಾತ್ರ ದೊಡ್ಡದಾಗುತ್ತವೆ ಎಂಬ ಕಾರಣಕ್ಕೆ ಎಂದು ಅವನು ಹೇಳುತ್ತಾನೆ. ಅವನ ಬದುಕಿನ ಸ್ವರೂಪವೆಲ್ಲ ಆ ಮಾತಿನಲ್ಲಿದೆ. ಇಷ್ಟು ಮೆಲ್ಲಗೆ ಪಾತ್ರವೊಂದನ್ನು ಪರಿಚಯಿಸುವುದು ಹಾಸ್ಯಚಿತ್ರಗಳಲ್ಲಿ ಅಪರೂಪ.

ರಾಕ್ಷಸರ ದೃಶ್ಯಗಳನ್ನು ಗಣಕ ಗ್ರಾಫಿಕ್ಸ್‌ನಲ್ಲಿ ರೂಪಿಸಲಾಗಿದೆ. ಕೊನೆಯ ಭಾಗದಲ್ಲಿ ಮಾತ್ರ ಚಿತ್ರ ಥಟ್ಟನೆ, ವೇಷ ತೊಟ್ಟ ನಟರು ಪುಟ್ಟ ಕಟ್ಟಡಗಳ ನಡುವೆ ಹೊಡೆದಾಡುವ ಹಳೆಯ ಜಪಾನೀ ಟಿ.ವಿ. ಶೈಲಿಗೆ ಹೊರಳುತ್ತದೆ. ಅಲ್ಲಿಗೆ ಬರುವ ಬೇರೆ ವೀರರ ಕುಟುಂಬವೊಂದು ಹೋರಾಟವನ್ನು ತನ್ನ ಕೈಗೆ ತೆಗೆದುಕೊಳ್ಳುತ್ತದೆ. ದಾಯ್‌ಸಾತೊ ತನ್ನದೇ ಕಥೆಯಲ್ಲಿ ಪಕ್ಕಕ್ಕೆ ಸರಿದು ನಿಲ್ಲಬೇಕಾಗುತ್ತದೆ.