ಅಟ್ಟದಿಂದ ಇಳಿಸುತ್ತೇನೆ, ನೋಡುತ್ತೇನೆ, ಮತ್ತೆ ಮೇಲಿಡುತ್ತೇನೆ

ಪ್ರಶ್ನೆ: ರಾಜಾಜಿನಗರದ 30-40 ಸೈಟಿನ ಸ್ವಂತ ಮನೆಯಲ್ಲಿ 31 ವರ್ಷದಿಂದ ಇದ್ದೇವೆ. ಮಕ್ಕಳಿಬ್ಬರೂ ಹೊರದೇಶದಲ್ಲಿದ್ದಾರೆ. ಯಜಮಾನರಿಗೆ ಮಂಡಿ ನೋವು, ಮೆಟ್ಟಿಲು ಹತ್ತಲು ಆಗುತ್ತಿಲ್ಲ. ಅದಕ್ಕೇ ಕನಕಪುರ ರಸ್ತೆ ಕಡೆ ಎರಡು ಬೆಡ್‌ರೂಮಿನ ಫ್ಲ್ಯಾಟ್ ತಗೊಂಡಿದ್ದೇವೆ. ಎರಡು ತಿಂಗಳಲ್ಲಿ ಹೋಗಬೇಕು. ಅತ್ತೆಯವರ ಕಾಲದ ತಾಮ್ರದ ಹಂಡೆ, ಹಿತ್ತಾಳೆ ಕೊಳಗಗಳು, ಒಂಬತ್ತು ಮೆಟ್ಟಿಲಿನ ದಸರಾ ಗೊಂಬೆ, ಎರಡು ಬೀರು ತುಂಬ ಬಟ್ಟೆ, ರಾಶಿ ಪುಸ್ತಕ. ದಿನಾ ಒಂದು ಡಬ್ಬ ಇಳಿಸಿ, ನೋಡಿ, ಮತ್ತೆ ಮೇಲಿಡುತ್ತೇನೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಒಂದು ವಾರ ಅಟ್ಟ ಮುಟ್ಟಲೇಬೇಡಿ. ಸಾಮಾನು ಕೈಯಲ್ಲಿ ಹಿಡಿದು "ಬೇಕಾ, ಬೇಡ್ವಾ" ಅಂತ ಕೇಳಿಕೊಂಡರೆ ಮನಸ್ಸು "ಬೇಕು" ಅಂತಲೇ ಹೇಳುತ್ತದೆ. ನಾನು ಸಹಾಯಕ್ಕೆ ಹೋದ ಹೆಚ್ಚಿನ ಮನೆಗಳಲ್ಲಿ ಇದನ್ನೇ ನೋಡಿದ್ದೇನೆ. ನಿಮ್ಮೊಬ್ಬರ ಕಷ್ಟ ಅಲ್ಲ ಇದು.

ಆ ವಾರದಲ್ಲಿ ಟೇಪ್ ಹಿಡಿದು ಹೊಸ ಫ್ಲ್ಯಾಟಿಗೆ ಹೋಗಿ. ಬ್ರೋಷರಿನ ಚದರಡಿ ನಂಬಿ ಲೆಕ್ಕ ಹಾಕಬೇಡಿ. ಅದು ಸೂಪರ್ ಬಿಲ್ಟ್‌ಅಪ್ ಆಗಿದ್ದರೆ ಲಿಫ್ಟು, ಕಾರಿಡಾರು ಎಲ್ಲ ಸೇರಿರುತ್ತದೆ. ನಿಮಗೆ ಬೇಕಾಗಿರೋದು ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗೆ ನಿಜಕ್ಕೂ ಬಳಸಲು ಸಿಗುವ ಜಾಗ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯಲ್ಲಿ ಅದು ಏನೆಂದು ಸ್ಪಷ್ಟವಾಗಿ ಹೇಳಿದೆ, ನಿಮ್ಮ ಕರಾರು ಪತ್ರದಲ್ಲಿ ಹುಡುಕಿ. ಗೋಡೆ, ಬಾಗಿಲಿನ ಅಗಲ, ವಾರ್ಡ್‌ರೋಬಿನ ಒಳಗಿನ ಆಳ, ಲಿಫ್ಟಿನ ಬಾಗಿಲು ಎಲ್ಲ ಅಳೆದು ಬರೆದುಕೊಳ್ಳಿ. ದೊಡ್ಡ ಸ್ಟೀಲ್ ಬೀರು ಸಾಮಾನ್ಯವಾಗಿ ಆರೂವರೆ ಅಡಿ ಎತ್ತರ, ಮೂರಡಿ ಅಗಲ ಇರುತ್ತದೆ. ವಾರ್ಡ್‌ರೋಬ್ ಇರುವ ರೂಮಿನಲ್ಲಿ ಒಂದಕ್ಕೆ ಜಾಗ ಸಿಕ್ಕರೂ ಎರಡನೆಯದಕ್ಕೆ ಕಷ್ಟ.

ಬಸವನಗುಡಿಯ ಒಂದು ಮನೆಯಲ್ಲಿ ಅಜ್ಜಿಯೊಬ್ಬರು ಹೊಸ ಅಡುಗೆಮನೆಯ ಅಳತೆಯನ್ನು ರಂಗೋಲಿ ಪುಡಿಯಲ್ಲಿ ಹಾಲಿನ ನೆಲದ ಮೇಲೆ ಬರೆದರು. ಆ ಚೌಕದೊಳಗೆ ನಿಂತು ಎರಡೂ ಕೈ ಚಾಚಿದರು. ಎಡಕ್ಕೆ ಸ್ಟೌ, ಬಲಕ್ಕೆ ಸಿಂಕು. ಒಂದು ಸುತ್ತು ತಿರುಗಿ, ಮೂಲೆಯಲ್ಲಿದ್ದ ದೊಡ್ಡ ಗ್ರೈಂಡರ್ ಕಡೆ ನೋಡಿ, "ಇದನ್ನ ತಂಗಿ ಮಗಳಿಗೆ ಕೊಟ್ಟುಬಿಡಿ" ಅಂದರು. ನಾವು ಯಾರೂ ಒಂದು ಮಾತೂ ಆಡಿರಲಿಲ್ಲ. ನೀವೂ ಹೀಗೆ ಒಂದು ರೂಮು ಬರೆದು ನೋಡಿ.

ಆಮೇಲೆ ನೆನಪು ಅಂಟಿಕೊಂಡಿರದ ಸಾಮಾನಿನಿಂದ ಶುರು ಮಾಡಿ. ಐಸ್‌ಕ್ರೀಮ್ ಡಬ್ಬ, ಹಳೇ ಪೇಪರ್, ಹಳೇ ಟಿವಿಯ ರಟ್ಟಿನ ಬಾಕ್ಸು, ಡೇಟು ಮುಗಿದ ಔಷಧಿ. ಹದಿನೈದು ದಿನಕ್ಕೆ ಅರ್ಧ ಅಟ್ಟ ಖಾಲಿಯಾಗುತ್ತದೆ, ಕೈಗೂ ಅಭ್ಯಾಸ ಆಗುತ್ತದೆ. ಪೇಪರ್, ಕಬ್ಬಿಣ ಗುಜರಿಗೆ ಹೋಗಲಿ. ಹಳೇ ಮಿಕ್ಸಿ, ವೈರು, ಫೋನು ಮಾತ್ರ ಗುಜರಿಗೆ ಹಾಕಬೇಡಿ, ದಯವಿಟ್ಟು. ತಾಮ್ರಕ್ಕೋಸ್ಕರ ವೈರು ಸುಟ್ಟರೆ ಆ ಹೊಗೆ ಕುಡಿಯುವುದು ಅದನ್ನು ಸುಡುವ ಮನುಷ್ಯ. ವಾರ್ಡಿನ ಒಣ ಕಸ ಸಂಗ್ರಹ ಕೇಂದ್ರದಲ್ಲಿ ತಗೊಳ್ಳುತ್ತಾರಾ ಕೇಳಿ, ಇಲ್ಲದಿದ್ದರೆ ಪರವಾನಗಿ ಇರುವ ಇ-ತ್ಯಾಜ್ಯದವರಿಗೆ ಕೊಡಿ. ಯುಪಿಎಸ್ ಬ್ಯಾಟರಿ ವಾಪಸ್ ಬ್ಯಾಟರಿ ಅಂಗಡಿಗೆ.

ಇನ್ನು ಪಾತ್ರೆ. ಬಚ್ಚಲೊಲೆ ಇಲ್ಲದ ಮನೆಯಲ್ಲಿ ಹಂಡೆಗೆ ಕೆಲಸವಿಲ್ಲ. "ಗಿಡ ಇಟ್ಟುಕೊಳ್ಳುತ್ತೇನೆ" ಅಂತ ತುಂಬ ಜನ ಹೇಳುತ್ತಾರೆ. ಬಾಲ್ಕನಿ ಅಳೆದ ಮೇಲೆ ತೀರ್ಮಾನ ಮಾಡಿ. ಎಲ್ಲ ಪಾತ್ರೆಗಳ ಕಂಠದ ಹತ್ತಿರ ಒಮ್ಮೆ ಬೆರಳಾಡಿಸಿ ನೋಡಿ. ಹಳೇ ಪಾತ್ರೆಗಳಲ್ಲಿ ಚುಕ್ಕೆ ಚುಕ್ಕೆಯಾಗಿ ಹೆಸರು ಕೊರೆಸಿರುತ್ತಾರೆ, ಕೆಲವದರಲ್ಲಿ ತಾರೀಖೂ ಇರುತ್ತದೆ. ಅತ್ತೆಯವರ ಹೆಸರಿರುವ ಒಂದು ಕೊಳಗ ನಿಮ್ಮ ಜೊತೆ ಬರಲಿ. ಅದನ್ನು ಮತ್ತೆ ಮೇಲಿಡಬೇಡಿ, ದಿನಾ ಬಳಸಿ. ಮಾರುವುದಾದರೆ ಮನೆಯಲ್ಲೇ ತೂಕ ನೋಡಿಕೊಂಡು ಎರಡು ಅಂಗಡಿ ಕೇಳಿ. ತಾಮ್ರದ ರೇಟು ಹಿತ್ತಾಳೆಗಿಂತ ಜಾಸ್ತಿ, ಎರಡನ್ನೂ ಒಟ್ಟಿಗೆ ತೂಗಲು ಬಿಡಬೇಡಿ. ಅದಕ್ಕೂ ಮುಂಚೆ ಮಕ್ಕಳಿಗೆ ವಿಡಿಯೋ ಕಾಲ್ ಮಾಡಿ ತೋರಿಸಿ. ಬೇಕು ಅಂದವರು ಯಾವತ್ತು ತಗೊಂಡು ಹೋಗುತ್ತಾರೆ ಅಂತಲೂ ಕೇಳಿ.

ಗೊಂಬೆ ವಿಷಯದಲ್ಲಿ ಅವಸರ ಬೇಡ. ನನ್ನ ತಾಯಿ ಮನೆ ಬದಲಿಸಿದಾಗ ನಾನೇ ಮಣ್ಣಿನ ಗೊಂಬೆಗಳನ್ನು ನ್ಯೂಸ್‌ಪೇಪರಿನಲ್ಲಿ ಸುತ್ತಿ ಒಂದೇ ಪೆಟ್ಟಿಗೆಗೆ ತುಂಬಿದ್ದೆ. ತೆಗೆದಾಗ ಬಿಳಿ ಬಣ್ಣದ ಮೇಲೆ ಪೇಪರಿನ ಅಕ್ಷರದ ಕಲೆ, ಶೆಟ್ಟರ ಗೊಂಬೆಯ ಕತ್ತು ಮುರಿದಿತ್ತು. ಅಮ್ಮ ಬೈಯಲಿಲ್ಲ, ಆ ಕತ್ತನ್ನು ಸುಮ್ನೆ ಕೈಯಲ್ಲಿ ಹಿಡಿದುಕೊಂಡು ಕೂತಿದ್ದರು. ಅವತ್ತಿನಿಂದ ನಾನು ಹಳೇ ಪಂಚೆ ಹರಿದು ಮೊದಲು ಕತ್ತಿಗೆ ಸುತ್ತು ಹಾಕುತ್ತೇನೆ, ಆಮೇಲೆ ಪೂರ್ತಿ ಗೊಂಬೆಗೆ. ನಿಲ್ಲಿಸಿಯೇ ಇಡಬೇಕು, ಮಲಗಿಸಬಾರದು. ಪ್ಲಾಸ್ಟಿಕ್ ಕವರ್ ಬೇಡ, ತೇವ ಒಳಗೇ ಉಳಿಯುತ್ತದೆ. ಪಟ್ಟದ ಗೊಂಬೆ ಬೇರೆ ಪೆಟ್ಟಿಗೆಯಲ್ಲಿ, ನಿಮ್ಮ ಕಾರಿನಲ್ಲಿ ಬರಲಿ.

ಫ್ಲ್ಯಾಟಿನ ಹಾಲಿಗೆ ಒಂಬತ್ತು ಮೆಟ್ಟಿಲು ಜಾಸ್ತಿ. ಮೂರೋ ಐದೋ ಸಾಕು. ಉಳಿದದ್ದನ್ನು ಹೊಸದಾಗಿ ಗೊಂಬೆ ಕೂರಿಸಬೇಕು ಅಂತಿರುವ ಹುಡುಗಿ ನೆಂಟರಲ್ಲಿ ಇದ್ದರೆ ಅವಳಿಗೆ ಕೊಡಿ. ಒಂದು ಸೆಟ್ ಒಬ್ಬರ ಕೈಗೇ ಹೋಗಲಿ. ಮದುವೆ ದಿಬ್ಬಣದ ಸೆಟ್ಟಿನಿಂದ ವಾದ್ಯದವರನ್ನು ಬೇರೆ ಮಾಡಿದರೆ ಇಬ್ಬರ ಮನೆಯಲ್ಲೂ ಅದು ಅರ್ಧಂಬರ್ಧ, ಅಲ್ವಾ?

ಪುಸ್ತಕಕ್ಕೆ ಅವೆನ್ಯೂ ರೋಡ್, ಚರ್ಚ್ ಸ್ಟ್ರೀಟ್‌ನ ಹಳೇ ಪುಸ್ತಕದ ಅಂಗಡಿಗಳಿವೆ. ಲೈಬ್ರರಿಗೆ ಕೊಡುವುದಾದರೆ ಪಟ್ಟಿ ಕಳಿಸಿ, ಒಪ್ಪಿದ ಮೇಲೆ ಹೊರಡಿ.

ಕ್ರಯಪತ್ರ, ಖಾತಾ, ಇಸಿ (ಋಣಭಾರ ಪತ್ರ), ತೆರಿಗೆ ರಸೀದಿ, ಪಿಂಚಣಿ ಪುಸ್ತಕ, ಆರೋಗ್ಯ ವಿಮೆ, ಈಗ ನುಂಗುತ್ತಿರುವ ಮಾತ್ರೆ ಎಲ್ಲ ಒಂದೇ ಬ್ಯಾಗಿನಲ್ಲಿ ನಿಮ್ಮ ಹೆಗಲ ಮೇಲಿರಲಿ. ಲಾರಿಗೆ ಹಾಕಬೇಡಿ.

ಪ್ರಶ್ನೆ: ಮಾರತ್ತಹಳ್ಳಿಯ ಬಾಡಿಗೆ ಮನೆಯಿಂದ ವಿಜಯನಗರಕ್ಕೆ ಹೋಗುತ್ತಿದ್ದೇವೆ. ಹೋದ ಸಲ ಕಾಫಿ ಫಿಲ್ಟರ್ ಸಿಗಲು ಒಂದು ವಾರ ಬೇಕಾಯಿತು. ಈ ಸಲ ಹಾಗಾಗಬಾರದು.

ಉತ್ತರ: ಬಾಕ್ಸಿನ ಮೇಲೆ ಬರೆಯಬೇಡಿ, ಪಕ್ಕಕ್ಕೆ ಬರೆಯಿರಿ. ಒಂದರ ಮೇಲೊಂದು ಜೋಡಿಸಿದ ಮೇಲೆ ಮೇಲ್ಭಾಗ ಕಾಣುವುದಿಲ್ಲ. ಹೊಸ ಮನೆಯ ಯಾವ ರೂಮಿಗೆ ಹೋಗಬೇಕೋ ಆ ಹೆಸರು ಹಾಕಿ. ಫಿಲ್ಟರ್, ಕಾಫಿಪುಡಿ, ಹಾಲಿನ ಪಾತ್ರೆ, ಲೈಟರ್, ಟವೆಲ್, ಚಾರ್ಜರ್, ಒಂದು ಬಲ್ಬು, ಕತ್ತರಿ ಇವಿಷ್ಟು ಒಂದು ಬಕೆಟ್ಟಿನಲ್ಲಿ. ಬಕೆಟ್ ಕೊನೆಗೆ ಹತ್ತಬೇಕು, ಮೊದಲು ಇಳಿಯಬೇಕು.

ಫ್ರಿಜ್ ಹಿಂದಿನ ರಾತ್ರಿಯೇ ಆಫ್ ಮಾಡಿ, ನಿಲ್ಲಿಸಿಯೇ ಸಾಗಿಸಿ. ಹೋದ ಮೇಲೆ ಕೆಲವು ಗಂಟೆ ಬಿಟ್ಟು ಆನ್ ಮಾಡಿ. ಫ್ರಂಟ್‌ಲೋಡ್ ವಾಷಿಂಗ್ ಮಷಿನ್ ಆದರೆ ಡ್ರಮ್ ಅಲುಗದಂತೆ ಟ್ರಾನ್ಸಿಟ್ ಬೋಲ್ಟ್ ಹಾಕಿಸಿ.

ಎರಡೂ ಕಡೆ ಅಸೋಸಿಯೇಷನ್ ಇದ್ದರೆ ಮೂವಿಂಗ್ ಟೈಮ್ ಮೊದಲೇ ಕೇಳಿ. ಕೆಲವು ಕಡೆ ಭಾನುವಾರ ಬಿಡುವುದಿಲ್ಲ, ಸರ್ವಿಸ್ ಲಿಫ್ಟ್ ಬುಕ್ ಮಾಡಿಸಬೇಕು. ಮೂವರ್ಸ್ ಹತ್ತಿರ ಎಷ್ಟನೇ ಮಹಡಿ, ಲಿಫ್ಟ್ ಇದೆಯಾ, ಗಾಡಿ ಎಲ್ಲಿ ನಿಲ್ಲುತ್ತದೆ ಎಲ್ಲ ಸೇರಿಸಿ ರೇಟು ಬರೆಸಿಕೊಳ್ಳಿ. ಹಿಂದೊಮ್ಮೆ ನನ್ನದೇ ಸಾಮಾನನ್ನು ಗೇಟಿನಲ್ಲಿ ನಿಲ್ಲಿಸಿ, ಇನ್ನೂ ದುಡ್ಡು ಕೊಟ್ಟರೇ ಇಳಿಸುತ್ತೇವೆ ಅಂದಿದ್ದರು. ಬಾಯಿಮಾತಿನ ರೇಟು ನಂಬಿದ್ದಕ್ಕೆ ಕೊಟ್ಟೆ.

ಕೀ ಕೊಡುವ ಮುಂಚೆ ಖಾಲಿ ಮನೆಯ ಪ್ರತಿ ಗೋಡೆ, ನಲ್ಲಿ, ಕರೆಂಟ್ ಮೀಟರಿನ ರೀಡಿಂಗ್ ವಿಡಿಯೋ ಮಾಡಿ. ಅಡ್ವಾನ್ಸ್ ವಾಪಸ್ ಕೇಳುವಾಗ ಬೇಕಾಗುತ್ತದೆ. ವೋಟರ್ ಕಾರ್ಡಿನ ವಿಳಾಸಕ್ಕೆ ಫಾರಂ 8 ತುಂಬಿ.

ಪ್ರಶ್ನೆ: ಭೋಗ್ಯದ ಅವಧಿ ಆಷಾಢದ ಮಧ್ಯೆ ಮುಗಿಯುತ್ತದೆ. ಅಮ್ಮ ಆಷಾಢದಲ್ಲಿ ಮನೆ ಬದಲಿಸಬಾರದು ಅನ್ನುತ್ತಾರೆ.

ಉತ್ತರ: ಆಷಾಢ ಶುರುವಾಗುವ ಮುಂಚೆ ಒಳ್ಳೆ ದಿನ ನೋಡಿ ಹೊಸ ಮನೆಯಲ್ಲಿ ಹಾಲು ಉಕ್ಕಿಸಿಬಿಡಿ. ತುಂಬ ಮನೆಗಳಲ್ಲಿ ಹೀಗೇ ಮಾಡುತ್ತಾರೆ. ಅದಕ್ಕೆ ಕೀ ಸ್ವಲ್ಪ ಮೊದಲೇ ಬೇಕು, ಹೊಸ ಓನರ್ ಹತ್ತಿರ ಈಗಲೇ ಮಾತಾಡಿ. ಅವತ್ತೇ ದೇವರ ಫೋಟೋ, ಅಕ್ಕಿ, ಬೇಳೆ ಇಟ್ಟು ಬನ್ನಿ. ಉಳಿದ ಸಾಮಾನು ಯಾವತ್ತು ಸಾಗಿಸೋದು ಅಂತ ಅಮ್ಮನನ್ನೇ ಕೇಳಿ ಗೊತ್ತು ಮಾಡಿ.